ನೆಂಟರು, ಗೆಳೆಯರು ರೋಗಿಗಳಾಗಿ ಬಂದಾಗ

ಮದುವೆ ಊಟದ ಪಂಕ್ತಿ, ಗೃಹಪ್ರವೇಶದ ಶಾಮಿಯಾನ, ಬೆಳಗಿನ ವಾಕಿಂಗ್, ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪು. ವೈದ್ಯರಾದವರನ್ನು ಪರಿಚಯದವರು ಆರೋಗ್ಯದ ವಿಚಾರ ಕೇಳದ ಜಾಗವಿಲ್ಲ. ಕೇಳುವವರನ್ನು ದೂರುವಂತಿಲ್ಲ. ಆಸ್ಪತ್ರೆಗೆ ಹೋದರೆ ಟೋಕನ್ ಹಿಡಿದು ಗಂಟೆಗಟ್ಟಲೆ ಕಾಯಬೇಕು, ಒಳಗೆ ಹೋದ ಮೇಲೆ ಮಾತಾಡಲು ನಿಮಿಷಗಳಷ್ಟೇ ಸಿಗುತ್ತವೆ. ಹೀಗಿರುವಾಗ ಮನೆತನದಲ್ಲೇ ಒಬ್ಬ ಡಾಕ್ಟರಿದ್ದರೆ ಅವರನ್ನು ಬಿಟ್ಟು ಇನ್ಯಾರನ್ನು ಕೇಳುವುದು? ನನ್ನ ಆತಂಕ ಇರುವುದು ಉತ್ತರದ ಬಗ್ಗೆ. ಪರಿಚಯದವರಿಗೆ ಸಿಗುವ ಚಿಕಿತ್ಸೆ ಹೆಚ್ಚು ಕಾಳಜಿಯದ್ದು, ಹಾಗಾಗಿ ಹೆಚ್ಚು ಒಳ್ಳೆಯದು ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಎಷ್ಟೋ ಸಲ ಅದು ಗುರುತಿಲ್ಲದ ರೋಗಿಗೆ ಸಿಗುವ ಚಿಕಿತ್ಸೆಗಿಂತ ಕಳಪೆಯಾಗಿರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ರಾತ್ರಿ ಒಂಬತ್ತೂವರೆಗೆ ದೊಡ್ಡಪ್ಪ ಫೋನ್ ಮಾಡುತ್ತಾರೆ. ವಯಸ್ಸು ಅರವತ್ತು ದಾಟಿದೆ, ಬಹಳ ವರ್ಷದಿಂದ ಶುಗರ್ ಇದೆ. “ಏನಿಲ್ಲಪ್ಪ, ಮಧ್ಯಾಹ್ನ ಹೋಳಿಗೆ ಒಂದೆರಡು ಜಾಸ್ತಿ ಆಯ್ತು ಅಂತ ಕಾಣುತ್ತೆ. ಎದೆಗೂಡಿನ ಕೆಳಗೆ ಉರಿ, ಸ್ವಲ್ಪ ಬೆವರ್ತಾ ಇದೀನಿ. ಯಾವ ಮಾತ್ರೆ ತಗೊಳ್ಲಿ?” ಇದೇ ಮನುಷ್ಯ ಗುರುತಿಲ್ಲದವರಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದಿದ್ದರೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಹೃದಯಾಘಾತದ ಅನುಮಾನ ಇದ್ದಾಗ ಹೃದ್ರೋಗ ಸಂಘಟನೆಗಳ ಮಾರ್ಗಸೂಚಿಗಳು ಹಾಕಿರುವ ಗಡುವು ಅದು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಎದೆ ಹಿಂಡುವ ನೋವಾಗಿಯೇ ಬರಬೇಕೆಂದಿಲ್ಲ. ಹೊಟ್ಟೆಯುರಿ, ಬೆವರು, ಸುಸ್ತು ಇಷ್ಟರಲ್ಲೇ ಬಂದುಬಿಡಬಹುದು. ಎಂಬಿಬಿಎಸ್ ಓದಿದ ಯಾರಿಗೂ ಇದು ಗೊತ್ತಿಲ್ಲದ ವಿಷಯವಲ್ಲ. ಆದರೆ ಫೋನಿನಲ್ಲಿ ಕೇಳಿಸುತ್ತಿರುವುದು ದೊಡ್ಡಪ್ಪನ ದನಿ. ಹೋಳಿಗೆಯ ಮಾತನ್ನು ಅವರೇ ತೆಗೆದಿದ್ದಾರೆ, “ಏನಿಲ್ಲಪ್ಪ” ಎಂದು ಅವರೇ ಹೇಳಿದ್ದಾರೆ. ರೋಗಿಯೇ ಕೊಟ್ಟ ರೋಗನಿರ್ಣಯವನ್ನು ವೈದ್ಯ ಒಪ್ಪಿಕೊಂಡು “ಗ್ಯಾಸ್ ಇರಬೇಕು, ಒಂದು ಪ್ಯಾಂಟಾಪ್ರಜೋಲ್ ನುಂಗಿ ಮಲಗಿ” ಎನ್ನುವುದಕ್ಕೆ ಅರ್ಧ ನಿಮಿಷ ಸಾಕು.

ಇಲ್ಲಿ ವೈದ್ಯನ ಜ್ಞಾನಕ್ಕೇನೂ ಕೊರತೆಯಿಲ್ಲ. ನಮ್ಮವರಿಗೆ ಅಂಥದ್ದೇನೂ ಆಗಿರಲಾರದು ಎಂಬ ಆಸೆ ಜ್ಞಾನದ ಕೈ ಕಟ್ಟಿಹಾಕುತ್ತದೆ.

ಕೇಳದೆ ಉಳಿಯುವ ಪ್ರಶ್ನೆಗಳು

ಇನ್ನೊಂದು ಸನ್ನಿವೇಶ ಇದಕ್ಕಿಂತ ಸೂಕ್ಷ್ಮವಾದದ್ದು. ಇಪ್ಪತ್ಮೂರರ ಸೋದರ ಸೊಸೆಗೆ ಕಿಬ್ಬೊಟ್ಟೆ ನೋವು. ಪಕ್ಕದಲ್ಲಿ ಅವಳಮ್ಮ ಕೂತಿದ್ದಾರೆ. ಆ ವಯಸ್ಸಿನ ಹುಡುಗಿ ಹೊಟ್ಟೆನೋವು ಎಂದು ಬಂದರೆ ಕಡೆಯ ಮುಟ್ಟು ಯಾವಾಗ ಆಯಿತು, ಗರ್ಭಿಣಿಯಾಗಿರುವ ಸಾಧ್ಯತೆ ಇದೆಯೇ ಎಂದು ಕೇಳಲೇಬೇಕು. ಗರ್ಭನಾಳದಲ್ಲಿ ಭ್ರೂಣ ಬೆಳೆಯುತ್ತಿದ್ದು ನಾಳ ಒಡೆದರೆ ಒಳಗೊಳಗೇ ರಕ್ತಸ್ರಾವವಾಗಿ ಜೀವಕ್ಕೇ ಕುತ್ತು. ಗುರುತಿಲ್ಲದ ವೈದ್ಯರಾದರೆ ತಾಯಿಯನ್ನು ಹೊರಗೆ ಕೂರಿಸಿ, ಈ ಪ್ರಶ್ನೆಯನ್ನು ಬಿಪಿ ಎಷ್ಟು ಎಂದು ಕೇಳಿದಷ್ಟೇ ಸಹಜವಾಗಿ ಕೇಳುತ್ತಾರೆ. ಸೋದರಮಾವನಿಗೆ ಅದು ಆಗುವುದಿಲ್ಲ. ಧೈರ್ಯ ಮಾಡಿ ಕೇಳಿದರೂ ಹುಡುಗಿ ನಿಜ ಹೇಳುತ್ತಾಳೆ ಎಂಬ ಭರವಸೆಯಿಲ್ಲ. ಹೇಳಿದರೆ ಮುಂದಿನ ದೀಪಾವಳಿಗೆ ಅವನ ಮುಖ ನೋಡಬೇಕಲ್ಲ!

ಗೆಳೆಯನಿಗೆ ಎಷ್ಟು ಕುಡಿಯುತ್ತೀಯ ಎಂದು ಲೆಕ್ಕ ಕೇಳುವುದು, ಅತ್ತಿಗೆಯ ಸ್ತನದ ಗಂಟನ್ನು ಮುಟ್ಟಿ ನೋಡುವುದು, ಮೇಷ್ಟ್ರಾಗಿದ್ದವರ ಗುದದ್ವಾರದ ಪರೀಕ್ಷೆ ಮಾಡುವುದು, ನೆರೆಮನೆಯ ಹೆಂಗಸನ್ನು “ಸಾಯಬೇಕು ಅಂತ ಅನ್ನಿಸುತ್ತಾ?” ಎಂದು ಕೇಳುವುದು ಇವೆಲ್ಲ ಇದೇ ಸಾಲಿಗೆ ಸೇರಿದವು. ಸಲಿಗೆ ಇರುವ ಕಡೆ ಮುಜುಗರವೂ ಇರುತ್ತದೆ. ಮುಜುಗರದಿಂದಾಗಿ ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತದೆ, ಚಿಕಿತ್ಸೆ ಮಾತ್ರ ಮುಂದುವರಿಯುತ್ತದೆ.

ಅತಿಯಾಗುವುದೂ ಉಂಟು. ನಮ್ಮವರು ಎಂಬ ಕಳಕಳಿಯಲ್ಲಿ ಬೇಡದ ಸ್ಕ್ಯಾನ್, ಬೇಡದ ಆ್ಯಂಟಿಬಯೋಟಿಕ್, “ಯಾವುದಕ್ಕೂ ಇರಲಿ” ಎಂದು ಹಾಕಿಸುವ ಡ್ರಿಪ್. ಗಣ್ಯರು ದಾಖಲಾದಾಗ ಆಸ್ಪತ್ರೆಯ ಮಾಮೂಲಿ ಕ್ರಮಗಳೆಲ್ಲ ತಪ್ಪಿ, ಅದರಿಂದ ರೋಗಿಗೇ ಕೇಡಾಗುವುದನ್ನು ಗಮನಿಸಿದ ಅಮೆರಿಕದ ಮನೋವೈದ್ಯ ವಾಲ್ಟರ್ ವೈನ್‌ಟ್ರಾಬ್ 1964ರಲ್ಲಿ ಅದನ್ನು ವಿಐಪಿ ಸಿಂಡ್ರೋಮ್ ಎಂದು ಕರೆದರು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಡಾಕ್ಟರ ಮಾವ ಅಥವಾ ಮುಖ್ಯ ನರ್ಸಿನ ತಮ್ಮ ದಾಖಲಾದಾಗಲೂ ಆಗುವುದು ಇದೇ: ಚೀಟಿ ಮಾಡಿಸುವುದು ಬೇಡ, ತೂಕ ನೋಡುವುದು ಬೇಡ, ಅಲರ್ಜಿ ಇದೆಯೇ ಎಂದು ಕೇಳುವುದು ಬೇಡ, ನೇರ ಒಳಗೆ. ಆ ಬೇಡವಾದ ಪ್ರತಿಯೊಂದೂ ಯಾವುದೋ ಅನಾಹುತವನ್ನು ತಡೆಯಲೆಂದೇ ಇಟ್ಟದ್ದು.

ನಿಯಮ ಏನು ಹೇಳುತ್ತದೆ?

ಈ ಎಚ್ಚರ ಹೊಸದಲ್ಲ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1847ರಲ್ಲಿ ತನ್ನ ಮೊದಲ ನೀತಿಸಂಹಿತೆ ರೂಪಿಸಿದಾಗ ಒಂದೇ ಕಲಮಿನಲ್ಲಿ ಎರಡು ಮಾತು ಹೇಳಿತು. ವೈದ್ಯರಿಗೂ ಅವರ ಹೆಂಡತಿ ಮಕ್ಕಳಿಗೂ ಸಹೋದ್ಯೋಗಿಗಳು ಉಚಿತವಾಗಿ ಚಿಕಿತ್ಸೆ ಕೊಡಬೇಕು ಎಂಬುದು ಒಂದು. ತನ್ನ ಕಾಯಿಲೆಗೂ ತನ್ನವರ ಕಾಯಿಲೆಗೂ ವೈದ್ಯನ ತೀರ್ಮಾನ ಮಂಕಾಗುತ್ತದೆ, ಕೈ ಅಳುಕುತ್ತದೆ ಎಂಬುದು ಇನ್ನೊಂದು. ಉಚಿತ ಚಿಕಿತ್ಸೆಯ ಸೌಜನ್ಯ ಹುಟ್ಟಿದ್ದೇ ಈ ಎರಡನೆಯ ಕಾರಣಕ್ಕೆ. ನಿನ್ನವರನ್ನು ನೀನು ನೋಡಬೇಡ, ನಾವು ನೋಡುತ್ತೇವೆ ಎಂದು. ಇಂದಿಗೂ ಆ ಸಂಘದ ಸಂಹಿತೆ ಸ್ವಂತಕ್ಕೆ ಮತ್ತು ಹತ್ತಿರದ ಕುಟುಂಬದವರಿಗೆ ಚಿಕಿತ್ಸೆ ಕೊಡುವುದನ್ನು ಸಾಮಾನ್ಯವಾಗಿ ಬೇಡವೆನ್ನುತ್ತದೆ. ತುರ್ತು ಸಂದರ್ಭ, ಬೇರೆ ವೈದ್ಯರು ಸಿಗದ ಜಾಗ, ಅಲ್ಪಕಾಲದ ಸಣ್ಣ ತೊಂದರೆ ಇವಕ್ಕೆ ವಿನಾಯಿತಿ ಇದೆ. ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ನಮ್ಮಲ್ಲಿ ಜಾರಿಯಲ್ಲಿರುವುದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿನಡತೆ ನಿಯಮಾವಳಿ. 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಗಳನ್ನು ತಂದು, ಅದೇ ತಿಂಗಳಲ್ಲಿ ತಡೆಹಿಡಿಯಿತು. 2002ರ ನಿಯಮಾವಳಿಯಲ್ಲಿ ಸಹವೈದ್ಯರಿಗೂ ಅವರ ಕುಟುಂಬದ ಅವಲಂಬಿತರಿಗೂ ಉಚಿತ ಸೇವೆ ಕೊಡುವುದನ್ನು ಸಂತೋಷ, ಗೌರವ ಎಂದು ತಿಳಿಯಬೇಕು ಎಂಬ ಮಾತಿದೆ. ನಿನ್ನ ಮನೆಯವರಿಗೆ ನೀನೇ ಚಿಕಿತ್ಸೆ ಕೊಡಬೇಡ ಎಂಬ ನೇರ ನಿಷೇಧ ಇಲ್ಲ. ಸೌಜನ್ಯ ಬರಹದಲ್ಲಿದೆ, ಎಚ್ಚರಿಕೆಯನ್ನು ವೈದ್ಯರ ವಿವೇಕಕ್ಕೆ ಬಿಟ್ಟಿದೆ.

ವಿವೇಕ ಒಂದಕ್ಕೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ್ದೇ ಒಂದು ಸಮೀಕ್ಷೆ ಇದೆ. ಜಾನ್ ಲಾ ಪ್ಯೂಮಾ ಮತ್ತು ಸಂಗಡಿಗರು 1991ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ್ದು. ಉತ್ತರಿಸಿದ ವೈದ್ಯರಲ್ಲಿ ಶೇ 99ರಷ್ಟು ಮಂದಿಯನ್ನು ಮನೆಯವರು ಸಲಹೆ, ಚಿಕಿತ್ಸೆ ಕೇಳಿದ್ದರು. ಶೇ 83ರಷ್ಟು ಮಂದಿ ಔಷಧ ಬರೆದುಕೊಟ್ಟಿದ್ದರು. ಸಂಹಿತೆ ಬೇಡವೆಂದ ದೇಶದಲ್ಲೇ ಹೀಗೆ.

ಹಾಗಾದರೆ ಪರಿಚಯದವರನ್ನು ನೋಡುವುದೇ ಬೇಡವೇ? ಒಂದು ತಾಲ್ಲೂಕಿಗೆ ಒಬ್ಬರೇ ಹೆರಿಗೆ ತಜ್ಞರಿರುವ ಕಡೆ ಅದು ಆಗದ ಮಾತು. ಆ ಊರಲ್ಲಿ ಹಾಲು ಹಾಕುವವರು, ಮಗಳ ಶಾಲೆಯ ಟೀಚರು, ಬೀಗರು, ಸೊಸೈಟಿ ಕಾರ್ಯದರ್ಶಿ ಎಲ್ಲರೂ ಅವರ ರೋಗಿಗಳೇ. ಅಲ್ಲಿ ಗೆರೆ ಎಳೆಯಬೇಕಾದ್ದು ಚಿಕಿತ್ಸೆಯ ರೀತಿಯಲ್ಲಿ. ನಾನು ಕಿರಿಯ ವೈದ್ಯರಿಗೆ ಹೇಳುವುದು ಇಷ್ಟು: ಪರಿಚಯದವರು ಕೇಳಿದಾಗ ಪೂರ್ತಿ ವೈದ್ಯರಾಗಿ, ಇಲ್ಲವೇ ಪೂರ್ತಿ ನೆಂಟರಾಗಿ. ಅರ್ಧ ವೈದ್ಯಕೀಯ ಮಾತ್ರ ಬೇಡ.

ಪೂರ್ತಿ ವೈದ್ಯರಾಗುವುದು

ಎಂದರೆ, ಕ್ಲಿನಿಕ್ಕಿನಲ್ಲಿ, ಓಪಿಡಿ ಚೀಟಿಯ ಮೇಲೆ, ಬಾಗಿಲು ಹಾಕಿ, ಬೇರೆಯವರಿಗೆ ಕೇಳುವ ಎಲ್ಲ ಪ್ರಶ್ನೆ ಕೇಳಿ, ಮುಟ್ಟಿ ನೋಡಿ, ಬರೆದಿಟ್ಟು. ಮದುವೆ ಮನೆಯಲ್ಲಿ ಚಿಕ್ಕಮ್ಮ ಮೊಬೈಲಿನಲ್ಲಿ ಥೈರಾಯ್ಡ್ ರಿಪೋರ್ಟು ತೋರಿಸಿದರೆ “ಇದು ಇಲ್ಲಿ ನಿಂತು ಹೇಳೋ ವಿಷಯ ಅಲ್ಲ ಚಿಕ್ಕಮ್ಮ, ನಾನು ಸರಿಯಾಗಿ ನೋಡ್ಬೇಕು. ನಾಳೆ ಹತ್ತಕ್ಕೆ ಹಳೇ ರಿಪೋರ್ಟೆಲ್ಲ ತಗೊಂಡು ಬನ್ನಿ” ಎನ್ನಬಹುದು. ಈ ಮಾತಿಗೆ ಯಾರೂ ಬೇಜಾರಾಗುವುದಿಲ್ಲ, ಯಾಕೆಂದರೆ ಅದರಲ್ಲಿ ನಿರಾಕರಣೆಗಿಂತ ಕಾಳಜಿ ಹೆಚ್ಚು ಕೇಳಿಸುತ್ತದೆ. ಬಂದ ಮೇಲೆ ಪ್ರಶ್ನೆಗಳಿಗೆ ಮುಂಚೆಯೇ ಪೀಠಿಕೆ ಹಾಕಬೇಕು: “ಈಗ ನಾನು ಡಾಕ್ಟರಾಗಿ ಕೇಳ್ತೀನಿ. ಕೆಲವು ಮುಜುಗರದ ಪ್ರಶ್ನೆ ಬರುತ್ತೆ. ಹೇಳೋಕೆ ಕಷ್ಟ ಆದ್ರೆ ನನ್ನ ಸಹೋದ್ಯೋಗಿ ಇದ್ದಾರೆ, ಅವರ ಹತ್ರ ಕಳಿಸ್ತೀನಿ.” ಹೀಗೆಂದಾಗ ಎಷ್ಟೋ ಮಂದಿ ಸಹೋದ್ಯೋಗಿಯನ್ನೇ ಆರಿಸಿಕೊಳ್ಳುತ್ತಾರೆ. ಅವರು ನಿರಾಳವಾಗಿ ಎದ್ದು ಹೋಗುವುದನ್ನು ಕಂಡಾಗ ತಿಳಿಯುತ್ತದೆ, ದಾಕ್ಷಿಣ್ಯ ನಮಗೆ ಮಾತ್ರ ಇದ್ದದ್ದಲ್ಲ ಎಂದು.

ಫೀಸಿನ ವಿಚಾರ. ನೆಂಟರ ಹತ್ತಿರ ದುಡ್ಡು ತೆಗೆದುಕೊಳ್ಳದಿದ್ದರೆ ಹೊಣೆಯೂ ಇಲ್ಲ ಎಂದು ಹಲವು ವೈದ್ಯರು ತಿಳಿದಿದ್ದಾರೆ. ಅದು ತಪ್ಪು. ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಮತ್ತು ವಿ.ಪಿ. ಶಾಂತಾ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ: ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಕಡೆ ಗ್ರಾಹಕ ಕಾನೂನು ಅನ್ವಯಿಸುವುದಿಲ್ಲ, ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಕಡೆ, ಉಚಿತವಾಗಿ ಪಡೆದವರೂ ಗ್ರಾಹಕರೇ. ಫೀಸು ಬಿಡುವುದು ಬಿಡದಿರುವುದು ನಿಮ್ಮ ಇಷ್ಟ. ಫೀಸಿನ ಜೊತೆಗೆ ಚೀಟಿ, ದಾಖಲೆ, ಸಹಿಗಳನ್ನೂ ಬಿಡುವುದು ಸಲ್ಲದು. ನನ್ನ ಅನುಭವದಲ್ಲಿ ಸಣ್ಣ ಮೊತ್ತವಾದರೂ ಫೀಸು ಕೊಟ್ಟ ನೆಂಟರು ಧೈರ್ಯವಾಗಿ ಪ್ರಶ್ನೆ ಕೇಳುತ್ತಾರೆ, ವಾಸಿಯಾಗದಿದ್ದರೆ ಮತ್ತೆ ಬಂದು ಹೇಳುತ್ತಾರೆ. ಪುಕ್ಕಟೆ ತೋರಿಸಿಕೊಂಡವರು ಸಂಕೋಚದಿಂದ ಸುಮ್ಮನಿದ್ದುಬಿಡುತ್ತಾರೆ.

ವಾಟ್ಸ್‌ಆ್ಯಪ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಫೋನ್, ವಿಡಿಯೊ, ವಾಟ್ಸ್‌ಆ್ಯಪ್ ಮೂಲಕ ವೈದ್ಯಕೀಯ ಸಲಹೆಗೆ ಅವಕಾಶ ಕೊಟ್ಟಿದೆ. ಆದರೆ ಷರತ್ತುಗಳಿವೆ. ರೋಗಿಯ ಗುರುತು, ವಯಸ್ಸು ಖಚಿತವಾಗಬೇಕು, ಸಂಭಾಷಣೆಯ ಮತ್ತು ಬರೆದ ಔಷಧದ ದಾಖಲೆ ಉಳಿಯಬೇಕು, ಮಾಹಿತಿ ಸಾಲದಿದ್ದರೆ ಖುದ್ದಾಗಿ ಬರಹೇಳಬೇಕು. ಶೆಡ್ಯೂಲ್ ಎಕ್ಸ್ ಔಷಧಗಳನ್ನೂ ಮಾದಕದ್ರವ್ಯ ಕಾಯ್ದೆಯ ಪಟ್ಟಿಯಲ್ಲಿರುವ ಮದ್ದುಗಳನ್ನೂ ದೂರದಿಂದ ಬರೆಯುವಂತಿಲ್ಲ. ಗೆಳೆಯರು ಮೆಸೇಜಿನಲ್ಲಿ ಕೇಳುವ ನಿದ್ದೆ ಮಾತ್ರೆ ಅಲ್ಪ್ರಾಜೋಲಾಂ ಆ ಪಟ್ಟಿಯದ್ದೇ. “ಅಣ್ಣಾ, ಒಂದು ಸ್ಟ್ರಿಪ್‌ಗೆ ಬರ್ದು ಕಳ್ಸಿ ಸಾಕು” ಎಂಬ ಮೆಸೇಜಿಗೆ ಚೀಟಿಯ ಫೋಟೊ ಕಳಿಸುವ ಬದಲು ಫೋನ್ ಮಾಡಿ “ಎಷ್ಟು ದಿನದಿಂದ ನಿದ್ದೆ ಇಲ್ಲ? ಏನಾಗಿದೆ?” ಎಂದು ಕೇಳಿ. ಎಷ್ಟೋ ಸಲ ಅದರ ಹಿಂದೆ ಸಾಲ ಇರುತ್ತದೆ, ಮುರಿಯುತ್ತಿರುವ ಸಂಸಾರ ಇರುತ್ತದೆ, ಖಿನ್ನತೆ ಇರುತ್ತದೆ. ಅದನ್ನು ಕೇಳಿಸಿಕೊಳ್ಳಬೇಕಾದ್ದು ಗೆಳೆಯ. ಔಷಧ ಬರೆಯಬೇಕಾದ್ದು ಬೇರೊಬ್ಬ ವೈದ್ಯ.

ಪೂರ್ತಿ ನೆಂಟರಾಗುವುದು

ಕೆಲವರ ವಿಷಯದಲ್ಲಿ ವೈದ್ಯರಾಗುವ ಪ್ರಯತ್ನವೇ ಬೇಡ. ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ತಾನು. ಜ್ವರ ನೆಗಡಿಗೆ ಒಂದು ಪ್ಯಾರಾಸಿಟಮಾಲ್ ಕೊಡಬೇಡಿ ಎಂದು ಯಾರೂ ಹೇಳುವುದಿಲ್ಲ. ಪ್ರಾಣಾಪಾಯದಲ್ಲಿ ಮೊದಲು ಕೈ ಹಾಕಲೇಬೇಕು. ಆದರೆ ಅಪ್ಪನ ಬಿಪಿ ಮಾತ್ರೆಯನ್ನು ವರ್ಷಗಟ್ಟಲೆ ತಾನೇ ಹೊಂದಿಸುತ್ತಾ ಹೋಗುವುದು, ಮಗಳ ಕೆಮ್ಮಿಗೆ ತಾನೇ ಮೂರನೇ ಆ್ಯಂಟಿಬಯೋಟಿಕ್ ಬದಲಿಸುವುದು ಬೇರೆ. ಅವರಿಗೊಬ್ಬ ವೈದ್ಯರನ್ನು ಗೊತ್ತುಮಾಡಿ, ಅವರ ತೀರ್ಮಾನಕ್ಕೆ ಬಿಡಬೇಕು. ಬಿಡುವುದು ಎಂದರೆ ನಿಜವಾಗಿ ಬಿಡುವುದು: ಐಸಿಯುವಿನಲ್ಲಿ ಅಮ್ಮ ಇರುವಾಗ ಚಾರ್ಟ್ ತೆಗೆದು ಡೋಸು ಬದಲಿಸಲು ಹೇಳುವುದು, ಡ್ಯೂಟಿ ಡಾಕ್ಟರಿಗೆ ರಾತ್ರಿಯೆಲ್ಲ ಫೋನ್ ಮಾಡುವುದು ಬಿಡುವಿಕೆಯಲ್ಲ. ಆ ಹೊತ್ತಿನಲ್ಲಿ ಅಮ್ಮನಿಗೆ ಕೈ ಹಿಡಿದು ಕೂರುವ ಮಗ ಬೇಕು. ಮಗ ಡಾಕ್ಟರಾಗಿಬಿಟ್ಟರೆ ಆ ಜಾಗ ಖಾಲಿ ಉಳಿಯುತ್ತದೆ.

ಇನ್ನೊಂದು ಗುಂಪಿದೆ, ಅದರ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ: ವೈದ್ಯರ ಮೇಲೆ ಅಥವಾ ವೈದ್ಯರಿಗೆ ಅವರ ಮೇಲೆ ಹಿಡಿತ ಇರುವವರು. ಮನೆಗೆಲಸದವರು, ಕ್ಲಿನಿಕ್ಕಿನ ಸಿಬ್ಬಂದಿ, ಬಾಡಿಗೆದಾರರು, ಆಸ್ತಿ ವ್ಯಾಜ್ಯದ ದಾಯಾದಿಗಳು. ಕೆಲಸದಾಕೆ ತನ್ನ ಗರ್ಭಪಾತದ ವಿಷಯವನ್ನು ಸಂಬಳ ಕೊಡುವ ಡಾಕ್ಟರಮ್ಮನ ಬಳಿ ಬಿಚ್ಚಿ ಹೇಳುವ ಸ್ಥಿತಿಯಲ್ಲಿರುವುದಿಲ್ಲ. ಬೇರೆ ಕಡೆ ತೋರಿಸಿಕೊಳ್ಳಲು ರಜೆ ಮತ್ತು ಹಣ ಕೊಟ್ಟರೆ ಅದೇ ದೊಡ್ಡ ಉಪಕಾರ. ವಿಲ್ ಬರೆಯುವ ದೊಡ್ಡಪ್ಪನ ಮನಸ್ಸು ಸ್ತಿಮಿತದಲ್ಲಿದೆ ಎಂಬ ಸರ್ಟಿಫಿಕೇಟನ್ನು, ಆ ವಿಲ್ಲಿನಿಂದ ಆಸ್ತಿ ಬರುವ ವೈದ್ಯ ಎಂದೂ ಕೊಡಬಾರದು. ರಜೆಗೆ ಕೇಳುವ ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ಅಂತೂ 2002ರ ನಿಯಮಾವಳಿಯ ಪ್ರಕಾರ ವೃತ್ತಿದ್ರೋಹ, ನೋಂದಣಿಗೇ ಸಂಚಕಾರ ತರುವಂಥದ್ದು. “ನಿನ್ನ ಕೆಲಸ ಉಳಿಸೋಕೆ ಹೋಗಿ ನನ್ನ ಲೈಸೆನ್ಸ್ ಹೋಗುತ್ತೆ” ಎಂದು ನೇರವಾಗಿ ಹೇಳಿದರೆ ಗೆಳೆಯರಿಗೆ ಅರ್ಥವಾಗುತ್ತದೆ.

ಗುಟ್ಟು

ಪರಿಚಯದವರ ಚಿಕಿತ್ಸೆಯಲ್ಲಿ ಅತ್ಯಂತ ಸುಲಭವಾಗಿ ಒಡೆಯುವುದು ಗುಟ್ಟು. ಹೆಣ್ಣು ಕೊಡುವ ಮಾತುಕತೆ ನಡೆದಿರುತ್ತದೆ. ದೂರದ ನೆಂಟರು ಬಂದು “ಹುಡುಗನಿಗೆ ಫಿಟ್ಸ್ ಇದೆ ಅಂತಾರೆ, ನಿಮ್ಮ ಹತ್ರಾನೇ ತೋರಿಸ್ತಾರಂತಲ್ಲ, ಹೌದೋ ಅಲ್ವೋ ಅಷ್ಟೇ ಹೇಳಿ” ಎಂದು ಪೀಡಿಸುತ್ತಾರೆ. ಹೌದು ಎನ್ನುವುದಷ್ಟೇ ಅಲ್ಲ, “ಛೇ, ಅಂಥದ್ದೇನಿಲ್ಲ” ಎನ್ನುವುದೂ ಗುಟ್ಟು ಬಿಟ್ಟುಕೊಟ್ಟಂತೆಯೇ. ಯಾಕೆಂದರೆ ಮುಂದಿನ ಸಲ ಇನ್ನೊಬ್ಬರ ಬಗ್ಗೆ ಸುಮ್ಮನಾದರೆ ಆ ಮೌನವೇ ಉತ್ತರವಾಗುತ್ತದೆ. ಹಾಗಾಗಿ ಒಂದೇ ಸಿದ್ಧ ಉತ್ತರ ಇಟ್ಟುಕೊಳ್ಳಬೇಕು: “ಯಾರ ವಿಷಯಾನೂ ಯಾರಿಗೂ ಹೇಳೋದಿಲ್ಲ. ನಿಮ್ಮದನ್ನೂ ಹೇಳೋದಿಲ್ಲ.” ನ್ಯಾಯಾಲಯದ ಆದೇಶ, ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಗಂಭೀರ ಅಪಾಯ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ ಇಂಥ ಸಂದರ್ಭಗಳಿಗೆ ಮಾತ್ರ ನಿಯಮಾವಳಿಯಲ್ಲಿ ವಿನಾಯಿತಿ ಇದೆ. ಎಚ್‌ಐವಿ ಮತ್ತು ಮಾನಸಿಕ ಆರೋಗ್ಯದ ವಿಚಾರದಲ್ಲಿ 2017ರ ಎರಡು ಪ್ರತ್ಯೇಕ ಕಾಯ್ದೆಗಳೂ ರೋಗಿಯ ಗೋಪ್ಯತೆಯನ್ನು ಕಾಯುತ್ತವೆ.

ಮನೆಯೊಳಗಿನ ಗುಟ್ಟು ಇನ್ನೂ ಕಷ್ಟ. ಹೆಂಡತಿಯ ರಿಪೋರ್ಟನ್ನು ಗಂಡ ಕೇಳುತ್ತಾನೆ, ಸೊಸೆಯದನ್ನು ಅತ್ತೆ ಕೇಳುತ್ತಾರೆ, ಅಪ್ಪನಿಗೆ ಕ್ಯಾನ್ಸರ್ ಎಂದು ಅಪ್ಪನಿಗೇ ಹೇಳಬೇಡಿ ಎಂದು ಮಕ್ಕಳು ಕೈಮುಗಿಯುತ್ತಾರೆ. ಮನೆಯವರೆಲ್ಲ ಗೊತ್ತಿರುವ ಕಾರಣಕ್ಕೆ ವೈದ್ಯರು ಮನೆಗೇ ವೈದ್ಯರಾಗಿಬಿಡುತ್ತಾರೆ, ರೋಗಿ ಯಾರು ಎಂಬುದು ಮರೆತುಹೋಗುತ್ತದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಅರಿವಳಿಕೆಯಲ್ಲಿದ್ದ ಪ್ರಾಯಸ್ಥ ಮಹಿಳೆಯ ಗರ್ಭಕೋಶವನ್ನು ತಾಯಿಯ ಒಪ್ಪಿಗೆ ಪಡೆದು ತೆಗೆದದ್ದನ್ನು ಸುಪ್ರೀಂ ಕೋರ್ಟ್ 2008ರಲ್ಲಿ ತಪ್ಪೆಂದಿತು. ತುರ್ತು ಇಲ್ಲದಿದ್ದಾಗ ಆಕೆಯ ಒಪ್ಪಿಗೆಗೇ ಕಾಯಬೇಕಿತ್ತು. ಆದ್ದರಿಂದ ಮೊದಲ ಭೇಟಿಯಲ್ಲೇ ರೋಗಿಯನ್ನು ಒಂಟಿಯಾಗಿ ಕೇಳಿಬಿಡುವುದು ಒಳ್ಳೆಯದು: ನಿಮ್ಮ ವಿಷಯ ಯಾರಿಗೆ ಹೇಳಬಹುದು, ಯಾರಿಗೆ ಬೇಡ? ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆದಿಡಿ.

ಡಾಕ್ಟರು ನಿಮ್ಮ ಪರಿಚಯದವರಾಗಿದ್ದರೆ

ಈಗ ಓದುಗರಿಗೆ. ಪರಿಚಯದ ವೈದ್ಯರಿಂದ ಪಡೆಯಬಹುದಾದ ಅತಿ ದೊಡ್ಡ ಸಹಾಯ ಮಾತ್ರೆಯ ಹೆಸರಲ್ಲ. “ಇದಕ್ಕೆ ನಾನು ಯಾರ ಹತ್ತಿರ ಹೋಗಬೇಕು? ಎಷ್ಟು ಬೇಗ ಹೋಗಬೇಕು? ಅವರನ್ನು ಏನು ಕೇಳಬೇಕು?” ಈ ಮೂರನ್ನು ಕೇಳಿ. ಬೇರೆ ತಜ್ಞರು ಹೇಳಿದ್ದು ಅರ್ಥವಾಗದಿದ್ದರೆ ಬಿಡಿಸಿ ಹೇಳಲು ಕೇಳಿ. ಆಪರೇಷನ್ ದಿನ ಜೊತೆಗೆ ಬರಲು ಕೇಳಿ. ಇವನ್ನು ನೆಂಟರಾಗಿ ಅವರು ಸಂತೋಷದಿಂದ ಮಾಡಬಲ್ಲರು.

ಎದೆನೋವು, ಉಸಿರು ಕಟ್ಟುವುದು, ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಹಾವು ಕಚ್ಚಿದ್ದು ಇವಕ್ಕೆ ನೆಂಟರಿಗೆ ಫೋನ್ ಮಾಡುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಗಾಡಿ ಹತ್ತಿ. ದಾರಿಯಲ್ಲಿ ಬೇಕಾದರೆ ಅವರಿಗೆ ತಿಳಿಸಿ. ಒಬ್ಬ ತಜ್ಞರು ಬರೆದ ಔಷಧವನ್ನು ಡಾಕ್ಟರ್ ಭಾವ ಹೇಳಿದರೆಂದು ನಿಲ್ಲಿಸಬೇಡಿ. ಭಾವನಿಗೆ ಅನುಮಾನವಿದ್ದರೆ ಆ ತಜ್ಞರಿಗೇ ಫೋನ್ ಮಾಡಿ ಮಾತಾಡಲಿ. ಎರಡು ಕಡೆ ತೋರಿಸುತ್ತಿದ್ದರೆ ಇಬ್ಬರಿಗೂ ಹೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಪರಿಚಯದವರು ಹೇಳಿದ ನೋವಿನ ಗುಳಿಗೆ ನುಂಗಿ ಹೊಟ್ಟೆಯಲ್ಲಿ ರಕ್ತಸ್ರಾವ ಆಗುವುದು, ಒಬ್ಬರ ಚೀಟಿ ಇನ್ನೊಬ್ಬರಿಗೆ ಗೊತ್ತಿಲ್ಲದ ಕಾರಣಕ್ಕೆ.

ಮತ್ತೆ, ಅವರು ಬೇಡ ಎಂದರೆ ಬೇಜಾರು ಮಾಡಿಕೊಳ್ಳಬೇಡಿ. “ನಾನು ನೋಡೋದು ಬೇಡ, ಒಳ್ಳೆಯವರ ಹತ್ರ ಕಳಿಸ್ತೀನಿ” ಎಂಬ ವೈದ್ಯ ನಿಮ್ಮನ್ನು ದೂರ ತಳ್ಳುತ್ತಿಲ್ಲ. ಅವರ ಕೈಗುಣದ ಮೇಲೆ ಎಷ್ಟೇ ನಂಬಿಕೆ ಇದ್ದರೂ ಆ ಮಾತಿಗೆ ಒಪ್ಪಿಕೊಳ್ಳಿ.

ಹಾಗೆ ಕಳಿಸುವಾಗ ವೈದ್ಯರು ಒಂದು ಪತ್ರ ಬರೆಯಬೇಕು. “ಇವರು ನನ್ನ ಆಪ್ತರು, ದಯವಿಟ್ಟು ನೋಡಿ” ಎಂಬ ಒಂದು ಸಾಲಿನ ಶಿಫಾರಸು ಸಾಲದು. ತೊಂದರೆ ಏನು, ಎಷ್ಟು ದಿನದ್ದು, ಈಗ ತೆಗೆದುಕೊಳ್ಳುತ್ತಿರುವ ಔಷಧಗಳು, ಅಲರ್ಜಿ, ತಾನು ಫೋನಿನಲ್ಲಿ ಹೇಳಿದ ಸಲಹೆ ಏನಾದರೂ ಇದ್ದರೆ ಅದೂ. ಕೊನೆಗೆ, ಬೇರೆ ಯಾವ ರೋಗಿಗೂ ಮಾಡುವ ಪರೀಕ್ಷೆಗಳನ್ನೇ ಇವರಿಗೂ ಮಾಡಿ, ಏನನ್ನೂ ಬಿಡಬೇಡಿ, ಏನನ್ನೂ ಹೆಚ್ಚು ಮಾಡಬೇಡಿ ಎಂಬ ಕೋರಿಕೆ. ವೈದ್ಯರೇ ರೋಗಿಯಾಗಿ ಇನ್ನೊಬ್ಬ ವೈದ್ಯರ ಮುಂದೆ ಕೂತಾಗಲೂ ಇದೇ ಕೋರಿಕೆಯನ್ನು ಬಾಯಿಬಿಟ್ಟು ಹೇಳಬೇಕು. ಎದುರಿಗಿರುವವರು “ನಿಮಗೆ ಗೊತ್ತಿರೋದೇ ಅಲ್ವಾ ಸರ್” ಎಂದು ವಿವರಣೆ ಅರ್ಧಕ್ಕೆ ನಿಲ್ಲಿಸುತ್ತಾರೆ. “ಗೊತ್ತಿಲ್ಲ ಅಂದ್ಕೊಂಡು ಹೇಳಿ” ಎಂದು ಕೇಳಿ, ಪೂರ್ತಿ ಹೇಳಿಸಿಕೊಂಡು, ಚೀಟಿ ಮಾಡಿಸಿ, ಮುಂದಿನ ಭೇಟಿಯ ದಿನಾಂಕ ಬರೆಸಿಕೊಂಡು ಏಳಬೇಕು.